ಮಲಮೂತ್ರದ ಒದ್ದೆಯಿಂದ ಕೆಟ್ಟ ಚರ್ಮದ ಆರೈಕೆ: ಮೊದಲ ಕೆಂಪಿನಿಂದ ಮಾಯುವವರೆಗೆ

ಮಲಮೂತ್ರ ತಡೆದುಕೊಳ್ಳಲಾಗದವರ ತೊಡೆಸಂದು, ಪೃಷ್ಠದ ಚರ್ಮ ಕೆಂಪಾಗಿ ಸುಲಿದು ಬಂದಾಗ ಆರೈಕೆ ಮಾಡುವವರು ಮೊದಲು ಕೇಳುವುದು, ‘ಯಾವ ಮುಲಾಮು ಹಚ್ಚಬೇಕು?’ ಅಂತ. ಮುಲಾಮಿನ ಸರದಿ ಮೂರನೆಯದು. ಮಲಮೂತ್ರ ಚರ್ಮಕ್ಕೆ ಎಷ್ಟು ಹೊತ್ತು ತಾಗಿಕೊಂಡಿರುತ್ತದೆ ಅನ್ನುವುದು ಮೊದಲನೆಯದು. ಅದನ್ನು ತೆಗೆಯುವ ಕೈ ಎಷ್ಟು ಮೆತ್ತಗಿದೆ ಅನ್ನುವುದು ಎರಡನೆಯದು. ಇವೆರಡು ಸರಿಯಾದರೆ ಸಾಧಾರಣ ಮುಲಾಮೂ ಕೆಲಸ ಮಾಡುತ್ತದೆ. ಇವೆರಡು ತಪ್ಪಿದರೆ ದುಬಾರಿ ಮುಲಾಮು ಕೂಡ ಒದ್ದೆಯ ಮೇಲೆ ಬಳಿದ ಬಣ್ಣವಷ್ಟೇ.

ಚರ್ಮ ಕೆಡುವುದು ಹೇಗೆ

ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಆಮ್ಲೀಯ. ಆಮ್ಲ, ಕ್ಷಾರದ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ಅದರಲ್ಲಿ ಸುಮಾರು 4ರಿಂದ 6ರೊಳಗೆ ಇರುತ್ತದೆ. ಈ ಹುಳಿಯೇ ಚರ್ಮದ ಕಾವಲು: ಮೇಲ್ಪದರದ ಜೀವಕೋಶಗಳನ್ನು ಹಿಡಿದಿಡುವ ಕೊಬ್ಬಿನಂಶ ಗಟ್ಟಿಯಾಗಿ ಉಳಿಯುವುದೂ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದಿರುವುದೂ ಇದರಿಂದಲೇ. ಮೂತ್ರ ಚರ್ಮದ ಮೇಲೆ ನಿಂತಾಗ ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆಯುತ್ತವೆ. ಹಳೆಯ ಡೈಪರ್ ಬಿಚ್ಚಿದೊಡನೆ ಮೂಗಿಗೆ ಹೊಡೆಯುವ ಘಾಟು ಅದರದ್ದೇ. ಅಮೋನಿಯ ಕ್ಷಾರ, ಹಾಗಾಗಿ ಚರ್ಮದ ಪಿಎಚ್ ಏರುತ್ತದೆ.

ಮಲ ಸೇರಿದರೆ ಹಾನಿ ಇನ್ನೂ ಜೋರು. ಮಲದಲ್ಲಿ ಪ್ರೋಟೀನ್ ಮತ್ತು ಕೊಬ್ಬನ್ನು ಅರಗಿಸುವ ಕಿಣ್ವಗಳಿರುತ್ತವೆ. ಪಿಎಚ್ ಏರಿದಷ್ಟೂ ಅವು ಚುರುಕಾಗಿ ಚರ್ಮವನ್ನೇ ಅರಗಿಸತೊಡಗುತ್ತವೆ. ಅದಕ್ಕೇ ಮೂತ್ರ ಮಲ ಎರಡೂ ಬೆರೆತಾಗ ಚರ್ಮ ಬೇಗ ಕೆಡುತ್ತದೆ. ಗಟ್ಟಿ ಮಲಕ್ಕಿಂತ ನೀರುಮಲ ಹೆಚ್ಚು ಅಪಾಯ, ಯಾಕೆಂದರೆ ಕರುಳಿನಲ್ಲಿ ವೇಗವಾಗಿ ಜಾರಿ ಬಂದದ್ದರಿಂದ ಕಿಣ್ವಗಳು ಅದರಲ್ಲಿ ಇನ್ನೂ ಚುರುಕಾಗಿರುತ್ತವೆ, ಮಡಿಕೆಗಳ ಒಳಗೂ ಹರಿಯುತ್ತದೆ.

ಇದರ ಮೇಲೆ ಉಜ್ಜಾಟ. ನೀರಲ್ಲಿ ನೆನೆದ ಬೆರಳ ತುದಿ ಬಿಳಿಚಿ ಸುಕ್ಕಾಗುತ್ತದಲ್ಲ, ಸದಾ ಒದ್ದೆಯಿರುವ ಪೃಷ್ಠದ ಚರ್ಮದ ಗತಿಯೂ ಅದೇ. ಆ ಸ್ಥಿತಿಯಲ್ಲಿ ಅದು ಬಟ್ಟೆಗೆ ಅಂಟಿ ಎಳೆಯುತ್ತದೆ. ಒರಟು ಟವೆಲಿನ ಒಂದೇ ಎಳೆತಕ್ಕೆ ಮೇಲ್ಪದರ ಕಿತ್ತು ಬರುತ್ತದೆ. ಎಷ್ಟೋ ಗಾಯಗಳನ್ನು ಪೂರ್ತಿ ಮಾಡುವುದು ಮೂತ್ರವಲ್ಲ, ಒರೆಸುವ ಬಟ್ಟೆ.

ಇದು ಬೆಡ್ ಸೋರ್ ಹೌದೋ ಅಲ್ಲವೋ

ಒದ್ದೆಯ ಹಾನಿಯನ್ನೂ ಬೆಡ್ ಸೋರನ್ನೂ (ಒಂದೇ ಕಡೆ ಭಾರ ಬಿದ್ದು ಆಗುವ ಒತ್ತಡದ ಗಾಯ) ಅದಲುಬದಲು ಮಾಡಿಕೊಂಡರೆ ಆರೈಕೆಯೆಲ್ಲ ದಾರಿ ತಪ್ಪುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡಿ. ಒಳ್ಳೆಯ ಬೆಳಕಿರಲಿ. ಅವರನ್ನು ಮಗ್ಗುಲಿಗೆ ಹೊರಳಿಸಿ, ಮೇಲಿನ ಪೃಷ್ಠವನ್ನು ಅಂಗೈಯಿಂದ ಮೆಲ್ಲಗೆ ಎತ್ತಿ ಹಿಡಿದು ಸೀಳಿನ ಒಳಗನ್ನೂ ನೋಡಿ. ತೊಡೆಸಂದು, ಜನನಾಂಗದ ಸುತ್ತ, ವೃಷಣದ ಕೆಳಭಾಗ, ಹೊಟ್ಟೆಯ ಮಡಿಕೆ, ಡೈಪರ್‌ನ ಅಂಚು ತಾಗುವ ಜಾಗ, ಯಾವುದನ್ನೂ ಬಿಡಬೇಡಿ.

ಒದ್ದೆಯಿಂದ ಆದ ಹಾನಿ ಒದ್ದೆ ಹರಿದ ದಾರಿಯಲ್ಲೇ ಇರುತ್ತದೆ. ಅಂಚು ಸ್ಪಷ್ಟವಿಲ್ಲದೆ ಹರಡಿಕೊಂಡಿರುತ್ತದೆ, ಆಳವಿರುವುದಿಲ್ಲ. ಎರಡೂ ಪೃಷ್ಠ ಒಂದಕ್ಕೊಂದು ತಾಗುವ ಕಡೆ ಕನ್ನಡಿಯಲ್ಲಿ ಕಂಡಂತೆ ಎರಡು ಕಡೆಯೂ ಒಂದೇ ಆಕಾರದ ಗಾಯ ಕಾಣಬಹುದು. ಉರಿ, ನವೆ ಹೆಚ್ಚು. ಬೆಡ್ ಸೋರ್ ಆದರೆ ಮೂಳೆ ಉಬ್ಬಿದ ಕಡೆ, ಅಂದರೆ ಬೆನ್ನಿನ ಬುಡ, ಸೊಂಟದ ಪಕ್ಕ, ಕೂತಾಗ ಭಾರ ಬೀಳುವ ಮೂಳೆಯ ಮೇಲೆ ಇರುತ್ತದೆ. ಅಂಚು ಸಾಮಾನ್ಯವಾಗಿ ಸ್ಪಷ್ಟ, ಆಳಕ್ಕೆ ಇಳಿಯುತ್ತದೆ. ಕಪ್ಪು ಅಥವಾ ಹಳದಿಯ ಸತ್ತ ಪದರ ಕಂಡರೆ ಅದು ಬರೀ ಒದ್ದೆಯ ಕೆಲಸವಲ್ಲ.

ಬೆರಳಿನ ಪರೀಕ್ಷೆಯೂ ಇದೆ. ಕೆಂಪಾದ ಜಾಗವನ್ನು ಬೆರಳಿಂದ 3 ಸೆಕೆಂಡ್ ಒತ್ತಿ ಬಿಡಿ. ಮೂಳೆಯ ಮೇಲಿನ ಕೆಂಪು ಒತ್ತಿದಾಗಲೂ ಬಿಳಿಚದೆ ಹಾಗೇ ಉಳಿದರೆ ಬೆಡ್ ಸೋರ್‌ನ ಮೊದಲ ಹಂತವೆಂದು ಹಿಡಿದು ಆ ಕಡೆಯ ಭಾರವನ್ನು ಕೂಡಲೇ ತಪ್ಪಿಸಿ. ಒದ್ದೆಯ ಹಾನಿಯಲ್ಲಿ ಬಿಳಿಚಲೂಬಹುದು, ಬಿಳಿಚದೆಯೂ ಇರಬಹುದು. ಹಾಗಾಗಿ ಈ ಪರೀಕ್ಷೆಯೊಂದನ್ನೇ ನೆಚ್ಚದೆ ಜಾಗ, ಆಕಾರ, ಆಳ ಎಲ್ಲವನ್ನೂ ಸೇರಿಸಿ ನೋಡಬೇಕು. ಒಬ್ಬರಲ್ಲೇ ಎರಡೂ ಇರುವುದೂ ಉಂಟು. ಒದ್ದೆ ಚರ್ಮ ಒತ್ತಡಕ್ಕೆ ಬೇಗ ಸೋಲುತ್ತದೆ.

ಕಪ್ಪು ಅಥವಾ ಗಾಢ ಕಂದು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಕಪ್ಪಾದ, ನೇರಳೆ ಛಾಯೆಯ ಅಥವಾ ಬಿಳಿಚಿದ ಪಟ್ಟಿ ಹುಡುಕಿ. ಕೈಬೆರಳ ಹಿಂಬದಿಯಿಂದ ಮುಟ್ಟಿ ಬಿಸುಪು, ಗಡಸು ಗುರುತಿಸಿ. ನೋವಿದೆಯೇ ಎಂದು ಕೇಳಿ. ಮಾತಾಡಲಾಗದವರಾದರೆ ಮುಟ್ಟಿದಾಗ ಮುಖ ಸಿಂಡರಿಸುತ್ತಾರೆಯೇ, ಕಾಲು ಬಿಗಿಹಿಡಿಯುತ್ತಾರೆಯೇ ಗಮನಿಸಿ. ಸುಟ್ಟ ಗಾಯದಂಥ ಉರಿ ಇದು. ‘ಹಟ ಮಾಡುತ್ತಾರೆ, ಡೈಪರ್ ಬದಲಿಸಲು ಬಿಡುವುದಿಲ್ಲ’ ಅನ್ನುವ ದೂರಿನ ಹಿಂದೆ ಅನೇಕ ಸಲ ಈ ಉರಿಯೇ ಇರುತ್ತದೆ.

ನರ್ಸಿಂಗ್‌ನಲ್ಲಿ ಈ ಹಾನಿಯನ್ನು ಗುರುತು ಹಾಕಲು ಗ್ಲೋಬಿಯಾಡ್ ಎಂಬ ವರ್ಗೀಕರಣ ಬಳಕೆಯಲ್ಲಿದೆ. ಚರ್ಮ ಕೀಳದೆ ಬರೀ ಕೆಂಪಾಗಿದ್ದರೆ 1, ಚರ್ಮ ಕಿತ್ತಿದ್ದರೆ 2. ಎರಡರಲ್ಲೂ ನಂಜಿನ ಲಕ್ಷಣ ಇಲ್ಲದಿದ್ದರೆ ‘ಎ’, ಇದ್ದರೆ ‘ಬಿ’. ದಿನಕ್ಕೊಮ್ಮೆ ದಿನಾಂಕದೊಂದಿಗೆ ಹೀಗೆ ಬರೆದಿಟ್ಟರೆ ಕೈ ಬದಲಾದಾಗಲೂ ಆರೈಕೆಯ ಜಾಡು ತಪ್ಪುವುದಿಲ್ಲ. ಜೊತೆಗೆ ಜಾಗ, ಅಂದಾಜು ಅಗಲ, ಮಲದ ಬಗೆ, ದಿನಕ್ಕೆ ಎಷ್ಟು ಸಲ ಅನ್ನುವುದೂ ಇರಲಿ.

ಶುಚಿಗೊಳಿಸುವ ಕ್ರಮ

ಮಲವಾದಾಗಲೆಲ್ಲ ತಡಮಾಡದೆ ಶುಚಿ ಮಾಡಬೇಕು. ಬರೀ ಮೂತ್ರವಾದರೆ ಪ್ರತಿ ಸಲ ಪ್ಯಾಡ್ ಬದಲಿಸಿ ಮೆತ್ತಗೆ ಒರೆಸಿದರೆ ಸಾಕು, ಕ್ಲೆನ್ಸರ್ (ಸೋಪಿನ ಬದಲು ಬಳಸುವ ಮೆದು ಶುಚಿಕಾರಕ) ಹಾಕಿ ಪೂರ್ತಿ ಶುಚಿ ಮಾಡುವುದು ದಿನಕ್ಕೆ ಒಂದೆರಡು ಸಲ. ಪ್ರತಿ ಸಲವೂ ಸೋಪು ಹಾಕಿ ತಿಕ್ಕಿದರೆ ಚರ್ಮದ ಸ್ವಂತ ಎಣ್ಣೆಯಂಶವೂ ಹೊರಟುಹೋಗುತ್ತದೆ.

ಸಾಮಾನ್ಯ ಸೋಪು ಬಿಟ್ಟುಬಿಡಿ. ಅದರ ಪಿಎಚ್ 9ರಿಂದ 10ರ ಆಸುಪಾಸು. ಅಮೋನಿಯ ಮಾಡಿದ ಕೆಡುಕನ್ನೇ ಸೋಪೂ ಮುಂದುವರಿಸುತ್ತದೆ. ಚರ್ಮದ ಪಿಎಚ್‌ಗೆ ಹೊಂದುವ, ತೊಳೆಯಬೇಕಿಲ್ಲದ ಕ್ಲೆನ್ಸರ್ ಫೋಮ್ ಅಥವಾ ಸ್ಪ್ರೇ ಒಳ್ಳೆಯದು. ಅದು ಸಿಗದಿದ್ದರೆ ಬರೀ ಉಗುರುಬೆಚ್ಚನೆಯ ನೀರು ಸೋಪಿಗಿಂತ ವಾಸಿ. ಸುವಾಸನೆ ಅಥವಾ ಆಲ್ಕೋಹಾಲ್ ಇರುವ ವೈಪ್ಸ್, ಸ್ಪಿರಿಟ್, ನಂಜುನಾಶಕ ದ್ರವ, ಹೈಡ್ರೋಜನ್ ಪೆರಾಕ್ಸೈಡ್ ಇವಾವುದೂ ಬೇಡ.

1. ಬೇಕಾದದ್ದೆಲ್ಲ ಕೈಗೆಟಕುವಂತೆ ಇಟ್ಟುಕೊಳ್ಳಿ: ಕ್ಲೆನ್ಸರ್, ಮೆತ್ತನೆಯ ಒಣ ಬಟ್ಟೆ ಅಥವಾ ವೈಪ್ಸ್ ಏಳೆಂಟು, ಬ್ಯಾರಿಯರ್ ಕ್ರೀಮ್ (ಒದ್ದೆ ತಾಗದಂತೆ ತಡೆಯುವ ಮುಲಾಮು), ಹೊಸ ಪ್ಯಾಡ್, ಕಸದ ಚೀಲ, ಎರಡು ಜೊತೆ ಕೈಗವಸು. ನಡುವೆ ಎದ್ದು ಹೋದರೆ ಅವರು ಒದ್ದೆಯಲ್ಲೇ ಮಲಗಿರುತ್ತಾರೆ. ಏನು ಮಾಡಲಿದ್ದೀರಿ ಎಂದು ಅವರಿಗೆ ಮೊದಲೇ ಹೇಳಿ, ಮೈಯ ಉಳಿದ ಭಾಗ ಮುಚ್ಚಿಡಿ.

2. ಕೈ ತೊಳೆದು ಕೈಗವಸು ಹಾಕಿ. ಮಲವಿದ್ದರೆ ಡೈಪರ್‌ನ ಮುಂಭಾಗದ ಒಣ ಅಂಚಿನಿಂದಲೇ ಬಹುಪಾಲನ್ನು ಮುಂದಿನಿಂದ ಹಿಂದಕ್ಕೆ ಬಳಿದು, ಡೈಪರನ್ನು ಒಳಮುಖವಾಗಿ ಮಡಚಿ.

3. ಉಳಿದದ್ದರ ಮೇಲೆ ಕ್ಲೆನ್ಸರ್ ಹಾಕಿ ಅರ್ಧ ನಿಮಿಷ ಬಿಡಿ. ಒಣಗಿ ಅಂಟಿದ ಮಲವನ್ನು ಕೆರೆಯಬೇಡಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಒಂದೆರಡು ನಿಮಿಷ ಹೊದಿಸಿದರೆ ತಾನಾಗಿ ಸಡಿಲವಾಗುತ್ತದೆ.

4. ಬಟ್ಟೆಯನ್ನು ಚರ್ಮದ ಮೇಲಿಟ್ಟು ಒತ್ತಿ ಎತ್ತಿ. ಎಳೆಯಲೇಬೇಕಾದರೆ ಒಂದೇ ದಿಕ್ಕಿಗೆ, ಹಗುರವಾಗಿ. ಒಂದು ಸಲ ಬಳಸಿದ ಮಡಿಕೆಯನ್ನು ಮತ್ತೆ ಬಳಸದೆ ಹೊಸ ಮಡಿಕೆ ತೆಗೆದುಕೊಳ್ಳಿ. ಹೆಂಗಸರಲ್ಲಿ ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಇಲ್ಲದಿದ್ದರೆ ಮಲದ ಬ್ಯಾಕ್ಟೀರಿಯಾ ಮೂತ್ರದ್ವಾರ ಸೇರುತ್ತದೆ. ಗಂಡಸರಲ್ಲಿ ವೃಷಣವನ್ನು ಎತ್ತಿ ಕೆಳಗೂ ನೋಡಿ. ಮುಂದೊಗಲನ್ನು ಹಿಂದೆ ಸರಿಸಿ ಒರೆಸಿದರೆ ಮುಗಿದ ಮೇಲೆ ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಬಿಟ್ಟರೆ ಬಿಗಿದು ಊದಿಕೊಂಡು ತುರ್ತು ಚಿಕಿತ್ಸೆ ಬೇಕಾಗುತ್ತದೆ.

5. ಒಣಗಿಸುವುದೂ ಒತ್ತಿಯೇ. ಮಡಿಕೆಗಳನ್ನು ಬೆರಳಿಂದ ಬಿಡಿಸಿ ಒಳಗೆ ಒಣ ಬಟ್ಟೆಯ ತುದಿ ಇಟ್ಟು ತೆಗೆಯಿರಿ. ಆಮೇಲೆ ಒಂದೆರಡು ನಿಮಿಷ ಗಾಳಿಯಾಡಲು ಬಿಡಿ. ಹೇರ್ ಡ್ರೈಯರ್ ಬೇಡ, ಚರ್ಮ ಮರಗಟ್ಟಿದವರಿಗೆ ಅದು ಸುಡುವುದು ಗೊತ್ತೇ ಆಗುವುದಿಲ್ಲ.

6. ಕೊಳೆಯಾದ ಕೈಗವಸು ಕಳಚಿ, ಕೈ ಶುಚಿ ಮಾಡಿ ಹೊಸದನ್ನು ಹಾಕಿಕೊಂಡ ಮೇಲೆಯೇ ಕ್ರೀಮ್ ಮುಟ್ಟಿ.

ಕಾಪು ಪದರ: ಯಾವುದು, ಎಷ್ಟು, ಯಾವಾಗ

ಬ್ಯಾರಿಯರ್ ಕ್ರೀಮ್ ಗಾಯ ಮಾಯಿಸುವ ಮದ್ದಲ್ಲ. ಮುಂದಿನ ಸಲದ ಮಲಮೂತ್ರ ಚರ್ಮಕ್ಕೆ ತಾಗದಂತೆ ತಡೆಯುವ ಗೋಡೆ. ಚರ್ಮ ಇನ್ನೂ ಚೆನ್ನಾಗಿದ್ದಾಗಲೇ, ಅಪಾಯವಿರುವ ಎಲ್ಲರಿಗೂ ಹಚ್ಚಬೇಕು.

ಪೆಟ್ರೋಲಿಯಂ ಜೆಲ್ಲಿ ಸುಲಭವಾಗಿ ಸಿಗುತ್ತದೆ, ಮೂತ್ರಕ್ಕೆ ಒಳ್ಳೆಯ ತಡೆ. ಆದರೆ ದಪ್ಪಗೆ ಬಳಿದರೆ ಪ್ಯಾಡಿನ ಮೇಲ್ಪದರಕ್ಕೆ ಮೆತ್ತಿಕೊಂಡು ಅದರ ಹೀರುವ ಶಕ್ತಿಯನ್ನೇ ಕುಂದಿಸುತ್ತದೆ. ಆಗ ಮೂತ್ರ ಪ್ಯಾಡಿನೊಳಗೆ ಇಳಿಯದೆ ಮೇಲೇ ನಿಲ್ಲುತ್ತದೆ, ಹಚ್ಚಿದ ಉದ್ದೇಶವೇ ತಲೆಕೆಳಗು. ತೆಳುವಾಗಿ, ಮಿಂಚು ಕಾಣುವಷ್ಟು ಮಾತ್ರ ಹಚ್ಚಿ.

ಡೈಮೆಥಿಕೋನ್ ಇರುವ ಕ್ರೀಮ್ ಸಿಲಿಕೋನ್ ಜಾತಿಯದು. ಜಿಡ್ಡಿಲ್ಲ, ಪ್ಯಾಡಿಗೆ ಅಂಟುವುದು ಕಡಿಮೆ, ಕೆಳಗಿನ ಚರ್ಮ ಕಣ್ಣಿಗೆ ಕಾಣುತ್ತದೆ. ಕೀಳದ ಚರ್ಮದ ದಿನನಿತ್ಯದ ಬಳಕೆಗೆ ಇದೇ ಅನುಕೂಲ.

ಜಿಂಕ್ ಆಕ್ಸೈಡ್ ಪೇಸ್ಟ್ ದಪ್ಪ, ಬಿಳಿ. ನೀರುಮಲಕ್ಕೆ ಗಟ್ಟಿ ತಡೆ, ಕಿತ್ತ ಚರ್ಮದ ಮೇಲೂ ನಿಲ್ಲುತ್ತದೆ. ಜಿಂಕ್ ಶೇ 20ರಿಂದ 40ರಷ್ಟಿರುವ ಪೇಸ್ಟ್ ಇದಕ್ಕೆ ಸರಿ. ಅದರ ತೊಂದರೆಯೆಂದರೆ ತೆಗೆಯುವುದು ಕಷ್ಟ. ಇಲ್ಲೇ ಬಹಳ ಜನ ತಪ್ಪುವುದು: ಪ್ರತಿ ಸಲ ಪೇಸ್ಟನ್ನು ಬುಡಸಮೇತ ತೆಗೆಯಲು ಹೋಗಿ ಹೊಸದಾಗಿ ಕೂತ ಚರ್ಮವನ್ನೂ ಕಿತ್ತುಹಾಕುತ್ತಾರೆ. ಮಲ ಮೆತ್ತಿದ ಮೇಲ್ಪದರವನ್ನಷ್ಟೇ ಒರೆಸಿ, ಕೆಳಗಿನ ಬಿಳಿ ಪದರ ಹಾಗೇ ಇರಲಿ, ಅದರ ಮೇಲೆಯೇ ಮತ್ತೆ ಹಚ್ಚಿ. ದಿನಕ್ಕೊಮ್ಮೆ ಚರ್ಮ ನೋಡಲು ಪೂರ್ತಿ ತೆಗೆಯಬೇಕಾದಾಗ ಹತ್ತಿಯನ್ನು ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಅದ್ದಿ ಮೇಲಿಟ್ಟರೆ ಕರಗಿ ಜಾರುತ್ತದೆ.

ಇನ್ನೊಂದು ಬಗೆ ಬ್ಯಾರಿಯರ್ ಫಿಲ್ಮ್. ಸ್ಪ್ರೇ ಅಥವಾ ಒರೆಸುವ ಸ್ಪಂಜಿನ ರೂಪದಲ್ಲಿ ಬರುವ ಅಕ್ರಿಲೇಟ್ ದ್ರವ, ಅರ್ಧ ನಿಮಿಷದಲ್ಲಿ ಒಣಗಿ ಪಾರದರ್ಶಕ ಪೊರೆಯಾಗುತ್ತದೆ. ಆಲ್ಕೋಹಾಲ್ ಇಲ್ಲದ್ದನ್ನೇ ಆರಿಸಿ, ಇದ್ದರೆ ಕಿತ್ತ ಚರ್ಮ ಧಗಧಗ ಉರಿಯುತ್ತದೆ. ಉತ್ಪನ್ನವನ್ನೂ ಮಲದ ಆವರ್ತನವನ್ನೂ ನೋಡಿ 24ರಿಂದ 72 ಗಂಟೆಗೊಮ್ಮೆ ಮತ್ತೆ ಹಚ್ಚಿದರೆ ಸಾಕು. ಕ್ರೀಮ್ ಹಚ್ಚಿದ ಜಿಡ್ಡು ಚರ್ಮಕ್ಕೆ ಫಿಲ್ಮ್ ಹಿಡಿಯುವುದಿಲ್ಲ. ಎರಡನ್ನೂ ಬೆರೆಸಬೇಡಿ, ಒಂದನ್ನು ಆರಿಸಿಕೊಳ್ಳಿ. ಮಡಿಕೆಗಳಲ್ಲಿ ಪೂರ್ತಿ ಒಣಗುವ ತನಕ ಚರ್ಮವನ್ನು ಬಿಡಿಸಿ ಹಿಡಿಯಿರಿ, ಇಲ್ಲವಾದರೆ ಎರಡು ಮೈ ಅಂಟಿಕೊಳ್ಳುತ್ತದೆ.

ಟಾಲ್ಕಮ್ ಪೌಡರ್ ಬೇಡ. ಒದ್ದೆಯಲ್ಲಿ ಗಂಟುಗಟ್ಟಿ ಮಡಿಕೆಯೊಳಗೆ ಮರಳಿನಂತೆ ಉಜ್ಜುತ್ತದೆ.

ಪ್ಯಾಡ್, ಹಾಸಿಗೆ, ಮಗ್ಗುಲು

ಹಗಲು 2 ಗಂಟೆಗೊಮ್ಮೆ ಪ್ಯಾಡ್ ನೋಡಿ. ಒದ್ದೆಯನ್ನು ಒಳಗೆ ಎಳೆದು ಜೆಲ್ ಮಾಡುವ, ಹೊರಪದರದಲ್ಲಿ ಗಾಳಿಯಾಡುವ ಪ್ಯಾಡ್ ಬೇಕು. ‘ಸೋರದಿರಲಿ’ ಎಂದು ಎರಡು ಡೈಪರ್ ಒಂದರ ಮೇಲೊಂದು ಹಾಕುವುದು, ಡೈಪರ್ ಒಳಗೆ ಹಳೆ ಬಟ್ಟೆ ತುರುಕುವುದು ಬೇಡ: ಶಾಖ, ಬೆವರು ಸೇರಿ ಚರ್ಮ ಬೇಯುತ್ತದೆ. ಮಲಗಿರುವಾಗ ಸಾಧ್ಯವಾದಷ್ಟು ಹೊತ್ತು ಡೈಪರ್ ಬಿಚ್ಚಿ, ಕೆಳಗೆ ಹೀರುವ ಶೀಟ್ ಒಂದನ್ನೇ ಹಾಸಿ ತೆರೆದಿಡಿ. ಮೈಗೆ ನೇರವಾಗಿ ರಬ್ಬರ್ ಅಥವಾ ಪ್ಲಾಸ್ಟಿಕ್ ಶೀಟ್ ತಾಗಬಾರದು.

ಹೊರಳಿಸುವಾಗ ಕೈಕಾಲು ಹಿಡಿದು ಎಳೆಯದೆ, ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು (ಡ್ರಾ ಶೀಟ್) ಎರಡು ಕಡೆಯಿಂದ ಹಿಡಿದು ಎತ್ತಿ ಸರಿಸಿ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿದರೆ ಬೆನ್ನಿನ ಬುಡಕ್ಕೂ ಸೊಂಟದ ಮೂಳೆಗೂ ಭಾರ ಬೀಳುವುದಿಲ್ಲ.

ಶಿಲೀಂಧ್ರ ಸೇರಿಕೊಂಡಾಗ

ಎಲ್ಲ ಸರಿಯಾಗಿ ಮಾಡುತ್ತಿದ್ದರೂ ಕೆಂಪು ಇಳಿಯದೆ ಢಾಳಾಗುತ್ತಿದ್ದರೆ, ಅದರ ಅಂಚಿನಾಚೆ ಸಾಸಿವೆ ಕಾಳಿನಂಥ ಸಣ್ಣ ಕೆಂಪು ಬೊಕ್ಕೆಗಳು ಚದುರಿದ್ದರೆ, ನವೆ ಹೆಚ್ಚಿದ್ದರೆ ಅದು ಬಹುತೇಕ ಕ್ಯಾಂಡಿಡಾ ಎಂಬ ಶಿಲೀಂಧ್ರ. ಮಡಿಕೆಗಳೊಳಗೆ ಬಿಳಿ ಪೊರೆಯೂ ಕಾಣಬಹುದು. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಬೇಗ ಬರುತ್ತದೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನಡೆಯುತ್ತಿದ್ದರೆ ವೈದ್ಯರ ಗಮನಕ್ಕೆ ತನ್ನಿ.

ವೈದ್ಯರು ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಅಥವಾ ಮೈಕೋನಜೋಲ್ ಎಂಬ ಶಿಲೀಂಧ್ರನಾಶಕ ಮುಲಾಮು ಬರೆಯುತ್ತಾರೆ. ಒಣಗಿದ ಚರ್ಮಕ್ಕೆ ಅದನ್ನು ಮೊದಲು ತೆಳುವಾಗಿ ಹಚ್ಚಿ, ಇಂಗಲು ಕೆಲವು ನಿಮಿಷ ಬಿಟ್ಟು, ಆಮೇಲೆ ಬ್ಯಾರಿಯರ್. ಕ್ರಮ ತಿರುಗಿಸಿದರೆ ಮದ್ದು ಚರ್ಮ ಮುಟ್ಟುವುದೇ ಇಲ್ಲ. ಎರಡು ದಿನಕ್ಕೆ ಕೆಂಪು ಇಳಿಯಿತೆಂದು ನಿಲ್ಲಿಸದೆ ಹೇಳಿದಷ್ಟು ದಿನ ಮುಂದುವರಿಸಿ.

ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಬೆರೆತ ಮುಲಾಮನ್ನು ಚೀಟಿಯಿಲ್ಲದೆ ತಂದು ಹಚ್ಚಬೇಡಿ, ಇದನ್ನು ಒತ್ತಿ ಹೇಳಬೇಕಿದೆ. ಕೆಂಪು ಒಂದೆರಡು ದಿನದಲ್ಲಿ ಮಾಯವಾಗುವುದು ನಿಜ, ಆದರೆ ಸ್ಟಿರಾಯ್ಡ್ ಚರ್ಮವನ್ನು ತೆಳುಮಾಡುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಡೈಪರ್ ಮುಚ್ಚಿದ ಜಾಗದಲ್ಲಿ ಚರ್ಮ ಸ್ಟಿರಾಯ್ಡನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ.

ಚರ್ಮ ಕಿತ್ತು ಪಸೆ ಒಸರುತ್ತಿದ್ದರೆ

ಒಸರುವ ಜಾಗಕ್ಕೆ ಕ್ರೀಮ್ ನಿಲ್ಲದೆ ಜಾರುತ್ತದೆ. ಆಗ ಸ್ಟೋಮಾ ಪೌಡರ್ ಮತ್ತು ಫಿಲ್ಮ್ ಸೇರಿಸಿ ಹಕ್ಕಳೆ ಕಟ್ಟುವ ವಿಧಾನ ನೆರವಿಗೆ ಬರುತ್ತದೆ. ಶುಚಿ ಮಾಡಿದ ಗಾಯದ ಮೇಲೆ ಸ್ಟೋಮಾ ಪೌಡರ್ ಉದುರಿಸಿ. ಪಸೆಯಿದ್ದಲ್ಲಿ ಅದು ಅಂಟಿಕೊಂಡು ಜೆಲ್ ಆಗುತ್ತದೆ, ಒಣ ಚರ್ಮದ ಮೇಲೆ ಉಳಿದದ್ದನ್ನು ಮೆತ್ತನೆಯ ಬಟ್ಟೆಯಿಂದ ಕೊಡವಿ. ಆಲ್ಕೋಹಾಲ್ ಇಲ್ಲದ ಫಿಲ್ಮನ್ನು ಅದರ ಮೇಲೆ ಒರೆಸದೆ, ತಟ್ಟಿ ತಟ್ಟಿ ಹಚ್ಚಿ ಅರ್ಧ ನಿಮಿಷ ಒಣಗಿಸಿ. ಹೀಗೆ ಎರಡು ಮೂರು ಪದರ ಕಟ್ಟಿದರೆ ತೆಳುವಾದ ಒಣ ಹಕ್ಕಳೆಯಾಗುತ್ತದೆ. ಸ್ಟೋಮಾ ಪೌಡರ್ ಎಂದರೆ ಟಾಲ್ಕಮ್ ಅಲ್ಲ, ಪಸೆ ಹೀರುವ ಬೇರೆಯೇ ಪುಡಿ. ಇದು ಕೈಗೆ ಒಗ್ಗದಿದ್ದರೆ ದಪ್ಪ ಜಿಂಕ್ ಪೇಸ್ಟೇ ಆಗಬಹುದು.

ಅಂಟುವ ಡ್ರೆಸ್ಸಿಂಗ್ ಈ ಜಾಗಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅಂಚಿನಲ್ಲಿ ಸುರುಳಿಯಾಗಿ ಮಲ ಒಳಗೆ ನುಸುಳುತ್ತದೆ, ಕೀಳುವಾಗ ಚರ್ಮವೂ ಬರುತ್ತದೆ. ನೋವು ಹೆಚ್ಚಿದ್ದರೆ ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಶುಚಿ ಮಾಡುವ ಅರ್ಧ ಮುಕ್ಕಾಲು ಗಂಟೆ ಮೊದಲೇ ಕೊಡಿ.

ಒದ್ದೆಯ ಮೂಲ

ತಡೆಯಲಾಗದ್ದು ವಯಸ್ಸಿನ ಸಹಜ ಗುಣ ಎಂದು ಕೈಬಿಡಬೇಡಿ. ದಿನವಿಡೀ ಸ್ವಲ್ಪ ಸ್ವಲ್ಪ ನೀರುಮಲ ಸೋರುತ್ತಿದ್ದು, ಗಟ್ಟಿ ಮಲ ಹೋಗಿ ಹಲವು ದಿನವಾಗಿದ್ದರೆ ಅದು ಭೇದಿಯಲ್ಲದೆ ಮಲಬದ್ಧತೆಯೇ ಇರಬಹುದು. ಗುದನಾಳದಲ್ಲಿ ಗಟ್ಟಿ ಮಲದ ಗಡ್ಡೆ ಕೂತಿದೆ, ಅದರ ಪಕ್ಕದಿಂದ ನೀರು ಜಾರುತ್ತಿದೆ. ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಗಡ್ಡೆ ಇನ್ನೂ ಬಿಗಿಯುತ್ತದೆ. ನಿಜವಾದ ಭೇದಿಯಾದರೆ ಆ್ಯಂಟಿಬಯಾಟಿಕ್, ವಿರೇಚಕ, ಟ್ಯೂಬ್ ಆಹಾರದ ವೇಗ ಇವನ್ನು ವೈದ್ಯರೊಂದಿಗೆ ಪರಿಶೀಲಿಸಿ.

ಊಟವಾದ 20ರಿಂದ 30 ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಕಮೋಡಿನ ಮೇಲೆ ಕೂರಿಸಿದರೆ ಎಷ್ಟೋ ಸಲ ಡೈಪರ್‌ಗೆ ಹೋಗುವುದು ತಪ್ಪುತ್ತದೆ. ಮೂತ್ರಕ್ಕೆ 2ರಿಂದ 3 ಗಂಟೆಗೊಮ್ಮೆ ಕೇಳಿ ಕರೆದೊಯ್ಯಿರಿ. ಒದ್ದೆಯಾಗದಿರಲೆಂದು ಕುಡಿಯುವ ನೀರು ಕಡಿಮೆ ಮಾಡುವುದು ತಪ್ಪು. ಮೂತ್ರ ಮಂದವಾಗಿ ಚರ್ಮಕ್ಕೆ ಇನ್ನೂ ಉರಿಯಾಗುತ್ತದೆ, ಮಲಬದ್ಧತೆಯೂ ಬರುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಗೆ ವೈದ್ಯರು ಮಿತಿ ಹಾಕಿದ್ದರೆ ಮಾತ್ರ ಅದನ್ನು ಪಾಲಿಸಿ.

ಗಂಡಸರಿಗೆ ಹೊರಗಿನಿಂದ ಹಾಕುವ ಕಾಂಡೊಮ್ ಕ್ಯಾತಿಟರ್ (ಮೂತ್ರವನ್ನು ಚೀಲಕ್ಕೆ ಹರಿಸುವ ಕೊಳವೆ) ಒಂದು ದಾರಿ. ಮೂತ್ರಕೋಶದೊಳಗೆ ಇಡುವ ಕ್ಯಾತಿಟರ್ ಮೂತ್ರನಾಳದ ನಂಜು ತರುವುದರಿಂದ ಚರ್ಮ ತೀರಾ ಕೆಟ್ಟಾಗ, ವೈದ್ಯರ ತೀರ್ಮಾನದಂತೆ, ಕಡಿಮೆ ದಿನಕ್ಕೆ ಮಾತ್ರ. ನಿಲ್ಲದ ನೀರುಮಲಕ್ಕೆ ಗುದದ ಸುತ್ತ ಅಂಟಿಸುವ ಮಲ ಸಂಗ್ರಹ ಚೀಲ ಇದೆ. ಚರ್ಮ ಪೂರ್ತಿ ಕೀಳುವ ಮೊದಲೇ ಹಾಕಿದರೆ ಮಾತ್ರ ಅದು ಹಿಡಿದು ನಿಲ್ಲುತ್ತದೆ.

ಎಷ್ಟು ದಿನ, ಯಾವಾಗ ವೈದ್ಯರು

ಕ್ರಮ ಸರಿಯಿದ್ದರೆ ಒಂದೆರಡು ದಿನದಲ್ಲೇ ಉರಿ ತಗ್ಗುತ್ತದೆ, ಕೆಂಪು ಮಸುಕಾಗುತ್ತದೆ. ಒಂದರಿಂದ ಎರಡು ವಾರದಲ್ಲಿ ಮಾಯುವುದು ಸಾಮಾನ್ಯ. 3ರಿಂದ 5 ದಿನವಾದರೂ ಬದಲಾವಣೆ ಇಲ್ಲವೆಂದರೆ ಮುಲಾಮು ಬದಲಿಸುವ ಮೊದಲು ರಾತ್ರಿಯ ಪಾಳಿಯಲ್ಲಿ ಎಷ್ಟು ಗಂಟೆ ಪ್ಯಾಡ್ ಬದಲಾಗದೆ ಉಳಿಯುತ್ತಿದೆ ನೋಡಿ. ಆಮೇಲೆ ಶಿಲೀಂಧ್ರ, ಒತ್ತಡದ ಗಾಯ, ಉತ್ಪನ್ನದ ಅಲರ್ಜಿ ಇವುಗಳ ಶಂಕೆಯೊಂದಿಗೆ ತೋರಿಸಿ. ಮಾಯ್ದ ಚರ್ಮ ಕೆಲವು ವಾರ ಎಳಸಾಗಿರುತ್ತದೆ, ಬ್ಯಾರಿಯರ್ ನಿಲ್ಲಿಸಬೇಡಿ.

ಜ್ವರ, ಕೀವು, ಕೆಟ್ಟ ವಾಸನೆ, ಗಂಟೆಗಂಟೆಗೆ ಹರಡುವ ಬಿಸಿ ಊತ, ಆಳಕ್ಕಿಳಿದ ಅಥವಾ ಕಪ್ಪಾದ ಗಾಯ, ಮಲದಲ್ಲಿ ರಕ್ತ, ಹೊಸದಾಗಿ ಶುರುವಾದ ಗೊಂದಲದ ಮಾತು ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯವರಲ್ಲಿ ಜನನಾಂಗ, ವೃಷಣ ಅಥವಾ ಗುದದ ಸುತ್ತ ಕಣ್ಣಿಗೆ ಕಾಣುವ ಗಾಯಕ್ಕಿಂತ ನೋವು ಎಷ್ಟೋ ಪಾಲು ಹೆಚ್ಚಿದ್ದರೆ, ಚರ್ಮ ಒತ್ತಿದಾಗ ಒಳಗೆ ಚರಚರ ಗುಳ್ಳೆ ಒಡೆದಂತೆ ಅನ್ನಿಸಿದರೆ ಬೆಳಗಾಗಲೆಂದು ಕಾಯಬೇಡಿ. ಅದು ಜೀವ ತೆಗೆಯುವ ನಂಜು, ಆ ಗಳಿಗೆಯಲ್ಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.